ಮೇಷ್ಟರ ಬೀರುವಿನಿಂದ ಕಾನೂನಿನ ಭಂಡಾರದವರೆಗೆ

ಮೈಸೂರಿನಲ್ಲಿ 1891ರಲ್ಲಿ ಓರಿಯಂಟಲ್ ಲೈಬ್ರರಿ ಶುರುವಾಯಿತು. ಮಠಗಳಲ್ಲಿ, ಮನೆಗಳ ಅಟ್ಟದಲ್ಲಿ ಹುಳು ಹಿಡಿಯುತ್ತಿದ್ದ ಓಲೆಗರಿಗಳನ್ನು ಒಂದೆಡೆ ತಂದು ಕಾಪಾಡುವುದು ಅದರ ಕೆಲಸ. ತಂಜಾವೂರು ಕಡೆಯ ಪಂಡಿತರೊಬ್ಬರು ಗ್ರಂಥಲಿಪಿಯ ಒಂದು ಕಟ್ಟನ್ನು ಅಲ್ಲಿಗೆ ಕೊಟ್ಟರು. ಗ್ರಂಥಪಾಲಕರಾಗಿದ್ದ ಆರ್. ಶಾಮಾಶಾಸ್ತ್ರಿಗಳು ಓದುತ್ತಾ ಹೋದಂತೆ ಅದು ಕೌಟಿಲ್ಯನ ಅರ್ಥಶಾಸ್ತ್ರ ಎಂದು ತಿಳಿಯಿತು. 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದವೂ ಬಂತು.

ಈ ಕಥೆ ಬಂದಾಗಲೆಲ್ಲ ನಾವು ಶಾಸ್ತ್ರಿಗಳ ಪಾಂಡಿತ್ಯವನ್ನು ಹೊಗಳುತ್ತೇವೆ. ಹೊಗಳಲೇಬೇಕು. ಆದರೆ ನನ್ನ ಮನಸ್ಸು ಆ ಪಂಡಿತರ ಕಡೆಗೂ ಹೋಗುತ್ತದೆ. ತಮ್ಮ ಕೈಲಿದ್ದ ಕಟ್ಟನ್ನು ಕೊಡುವುದಕ್ಕೆ ಅವರಿಗೊಂದು ಜಾಗ ಇತ್ತು. ಅಲ್ಲಿ ಪಡೆದುಕೊಳ್ಳುವವರಿದ್ದರು, ಕಾಪಾಡುವವರಿದ್ದರು. ಇವತ್ತಿನ ನನ್ನ ಮಾತು ಇಂಥ ಜಾಗಗಳ ಬಗ್ಗೆ, ವಿಶ್ವವಿದ್ಯಾಲಯಗಳ ಸಂಗ್ರಹಾಲಯಗಳನ್ನು ನಾಡಿನ ಅಧಿಕೃತ ಭಂಡಾರಗಳೆಂದು ಗುರುತಿಸುವುದರ ಬಗ್ಗೆ.

ವಿಶ್ವವಿದ್ಯಾಲಯಕ್ಕೂ ಸಂಗ್ರಹಕ್ಕೂ ನಂಟು ಹಳೆಯದು. ಆಕ್ಸ್‌ಫರ್ಡ್‌ನಲ್ಲಿ ಆಶ್ಮೋಲಿಯನ್ ಸಂಗ್ರಹಾಲಯ ತೆರೆದದ್ದು 1683ರಲ್ಲಿ. ಡೋಡೋ ಹಕ್ಕಿ ಭೂಮಿಯಿಂದಲೇ ಅಳಿದುಹೋದರೂ, ಚರ್ಮ ಅಂಟಿಕೊಂಡಿರುವ ಅದರ ಒಂದು ತಲೆ ಇಂದಿಗೂ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದೆ. ನಮ್ಮ ದೇಶದಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯ 1937ರಲ್ಲಿ ಆಶುತೋಷ್ ಮ್ಯೂಸಿಯಂ ಕಟ್ಟಿತು. ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರಲ್ಲಿ. ಓರಿಯಂಟಲ್ ಲೈಬ್ರರಿ ಅದರ ಮಡಿಲಿಗೆ ಬಂತು. ಎಂ. ಎಚ್. ಕೃಷ್ಣ ಅವರಂಥವರು ಒಂದು ಕಡೆ ಚರಿತ್ರೆಯ ಪಾಠ ಹೇಳುತ್ತಾ, ಇನ್ನೊಂದು ಕಡೆ ಸಂಸ್ಥಾನದ ಪುರಾತತ್ವ ಇಲಾಖೆಯನ್ನೂ ನಡೆಸುತ್ತಾ ಚಂದ್ರವಳ್ಳಿಯಲ್ಲಿ ನೆಲ ಅಗೆಸಿದರು. ಧಾರವಾಡದಲ್ಲಿ 1939ರಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆ ಮುಂದೆ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿತು, ಅದರ ಶಿಲ್ಪ ಶಾಸನಗಳ ಸಂಗ್ರಹವೂ ಜೊತೆಯಲ್ಲೇ ಹೋಯಿತು.

ಪ್ರಕೃತಿಯ ಸಂಗ್ರಹದ ದಾರಿ ಬೇರೆ. 1908ರಲ್ಲಿ ಕೆನಡಾದಿಂದ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನಕ್ಕೆ ಬಂದರು. ಬೆಳೆಗೆ ಬರುವ ರೋಗ, ಕೀಟ ಎರಡನ್ನೂ ನೋಡಿಕೊಳ್ಳುವ ಹುದ್ದೆ ಅವರದು. ಜೋಳದ ಹೊಲಗಳನ್ನು ಹಾಳು ಮಾಡುತ್ತಿದ್ದ, ರೆಕ್ಕೆಯಿಲ್ಲದ ಒಂದು ಮಿಡತೆಯ ಬೆನ್ನು ಹತ್ತಿದರು. ಅದಕ್ಕೆ ಶಾಸ್ತ್ರೀಯ ಹೆಸರು ಸಿಕ್ಕಿದ್ದು 1910ರಲ್ಲಿ. ಕೊಟ್ಟವರು ಸ್ಪೇನ್ ದೇಶದ ಇಗ್ನಾಸಿಯೊ ಬೊಲಿವಾರ್, ಇಟ್ಟ ಹೆಸರು ಕೋಲ್ಮೇನಿಯ. ನಮ್ಮ ಜೋಳ ತಿನ್ನುವ ಮಿಡತೆಗೆ ಹೆಸರಿಡಲು ಯುರೋಪಿನ ವಿದ್ವಾಂಸರೇ ಬೇಕಾಯಿತಲ್ಲ ಎಂದು ಅನ್ನಿಸಬಹುದು. ಹೊಸ ಜೀವಿ ಹೊಸದೇ ಹೌದೋ ಅಲ್ಲವೋ ಎಂದು ಹೇಳಬೇಕಾದರೆ ಹಳೆಯವುಗಳ ಪಕ್ಕ ಇಟ್ಟು ನೋಡಬೇಕು. ಆ ಹಳೆಯವೆಲ್ಲ ಆಗ ಯುರೋಪಿನ ಸಂಗ್ರಹಾಲಯಗಳಲ್ಲಿದ್ದವು.

ಇವತ್ತು ಆ ಕೆಲಸ ಬೆಂಗಳೂರಿನಲ್ಲೇ ನಡೆಯುತ್ತದೆ. ಕೃಷಿ ವಿಶ್ವವಿದ್ಯಾಲಯದ ಕೀಟ ಸಂಗ್ರಹಾಲಯದಲ್ಲಿ ಡಾ. ಸಿ. ಎ. ವಿರಕ್ತಮಠ ಅವರು ದಶಕಗಟ್ಟಲೆ ಜಿಗಿಹುಳುಗಳನ್ನು ಅಭ್ಯಾಸ ಮಾಡಿದ್ದಾರೆ. ಜಿಗಿಹುಳು ಎಷ್ಟು ಸಣ್ಣದೆಂದರೆ ಪಿನ್ನು ಚುಚ್ಚಿದರೆ ಅದೇ ಹರಿದುಹೋಗುತ್ತದೆ. ಹಾಗಾಗಿ ಕಾಗದದ ಪುಟ್ಟ ತ್ರಿಕೋನದ ತುದಿಗೆ ಅಂಟಿಸಿ, ಆ ಕಾಗದಕ್ಕೆ ಪಿನ್ನು ಹಾಕುತ್ತಾರೆ. ಒಂದು ಬಗೆಯನ್ನು ಇನ್ನೊಂದರಿಂದ ಬೇರೆ ಮಾಡಬೇಕಾದರೆ ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಬಿಡಿಸಿ ನೋಡಿದ ಮೇಲೆ ಅದನ್ನು ಗ್ಲಿಸರಿನ್ ತುಂಬಿದ ಸೀಸೆಯಲ್ಲಿ ಹಾಕಿ ಅದೇ ಪಿನ್ನಿಗೆ ಸಿಕ್ಕಿಸುತ್ತಾರೆ. ಅದರ ಕೆಳಗೆ ಚೀಟಿ: ಯಾವ ಊರು, ಯಾವ ದಿನ, ಯಾವ ಗಿಡದ ಮೇಲೆ, ಹಿಡಿದವರು ಯಾರು. ಚೀಟಿ ಕಳೆದರೆ ಹುಳುವಿಗೆ ಬೆಲೆ ಇಲ್ಲ.

ಗಿಡಗಳ ವಿಷಯದಲ್ಲಿ ನಾನು ಎದೆ ತುಂಬಿ ನೆನೆಯುವ ಹೆಸರು ಫಾದರ್ ಸೆಸಿಲ್ ಸಲ್ಡಾನ ಅವರದು. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಮೇಷ್ಟರು. ಹಾಸನ ಜಿಲ್ಲೆಯ ಕಾಡು, ಗುಡ್ಡ, ಕೆರೆ ಅಂಗಳ ಸುತ್ತಿ ಗಿಡ ಸಂಗ್ರಹಿಸಿದರು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡ್ಯಾನ್ ನಿಕೋಲ್ಸನ್ ಜೊತೆ ಸೇರಿ 1976ರಲ್ಲಿ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ದೊಡ್ಡ ಗ್ರಂಥ ಹೊರತಂದರು. ಒತ್ತಿ ಒಣಗಿಸಿದ ಗಿಡವನ್ನು ದಪ್ಪ ಹಾಳೆಗೆ ಅಂಟಿಸಿರುತ್ತಾರೆ. ಚೀಟಿಯಲ್ಲಿ ಹೂವಿನ ಬಣ್ಣವನ್ನು ಬರೆದಿಡಬೇಕು, ಯಾಕೆಂದರೆ ಒಣಗಿದ ಹೂವು ಬಣ್ಣ ಉಳಿಸಿಕೊಳ್ಳುವುದಿಲ್ಲ.

ಒಬ್ಬ ಮೇಷ್ಟರ ಸಂಗ್ರಹ ಅವರ ನಂತರ ಏನಾಗುತ್ತದೆ? ಸಾಮಾನ್ಯವಾಗಿ ಬೀರುವಿಗೆ ಬೀಗ ಬೀಳುತ್ತದೆ, ಬೀಗದಕೈ ಎಲ್ಲೋ ಕಳೆಯುತ್ತದೆ, ಒಂದು ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಸಲ್ಡಾನ ಅವರ ಹಾಳೆಗಳಿಗೆ ಹಾಗಾಗಲಿಲ್ಲ. ಅವು ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರಕ್ಕೆ ಬಂದವು. ಇಂದು ಕರ್ನಾಟಕದ ಗಿಡ ಗುರುತಿಸುವ ವಿದ್ಯಾರ್ಥಿ ಅಲ್ಲಿಗೆ ಹೋಗುತ್ತಾನೆ. ಸಂಗ್ರಹ ಬದುಕಿದ್ದು ದೊಡ್ಡ ಸಂಸ್ಥೆಯೊಂದು ಕೈಚಾಚಿದ್ದರಿಂದ.

ಕಾನೂನು ಈ ವಿಷಯಕ್ಕೆ ಕೈಹಾಕಿದ್ದು 2002ರ ಜೀವವೈವಿಧ್ಯ ಕಾಯ್ದೆಯಲ್ಲಿ. ಅದರ 39ನೇ ಕಲಮಿನ ಪ್ರಕಾರ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಜೊತೆ ಸಮಾಲೋಚಿಸಿ ಕೇಂದ್ರ ಸರ್ಕಾರ ಕೆಲವು ಸಂಸ್ಥೆಗಳನ್ನು ಭಂಡಾರಗಳೆಂದು ಹೆಸರಿಸಬಹುದು. ಹೊಸ ಜೀವಿಯನ್ನು ಯಾರೇ ಪತ್ತೆ ಮಾಡಲಿ, ಅದರ ಸಾಕ್ಷ್ಯ ಮಾದರಿಯನ್ನು ಅಂಥ ಕಡೆ ಒಪ್ಪಿಸಬೇಕು. ಅವರು ಅದನ್ನು ಭದ್ರವಾಗಿ ಇಡಬೇಕು. ಹೀಗೆ ಹೆಸರಿಸಿದ ಸಂಸ್ಥೆಗಳಲ್ಲಿ ನಮ್ಮ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಒಂದು. ಆದರೆ ಈ ಪಟ್ಟಿಯಲ್ಲಿ ಹೆಚ್ಚಿನವು ಕೇಂದ್ರದ ಸಮೀಕ್ಷಾ ಇಲಾಖೆಗಳು, ಸಂಶೋಧನಾ ಸಂಸ್ಥೆಗಳು. ಸಂಗ್ರಹ ಮಾಡಿ, ಹುಡುಗರಿಗೆ ಕಲಿಸಿ, ಮುಂದಿನ ತಲೆಮಾರಿನ ತಜ್ಞರನ್ನು ತಯಾರು ಮಾಡುವುದು ವಿಶ್ವವಿದ್ಯಾಲಯಗಳು. ಅವುಗಳಿಗೂ ಆ ಸ್ಥಾನ ಸಿಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಜನರ ಬದುಕಿನ ವಸ್ತುಗಳಿಗೆ ಬಂದರೆ ಪರಿಸ್ಥಿತಿ ಇನ್ನೂ ಕಷ್ಟ. ನೆಲದಲ್ಲಿ ನಿಧಿ ಸಿಕ್ಕರೆ ಅದಕ್ಕೆ ಕಾನೂನಿದೆ. 1972ರ ಪುರಾವಸ್ತು ಕಾಯ್ದೆ ನೂರು ವರ್ಷ ದಾಟಿದ ವಸ್ತುಗಳನ್ನು, ಎಪ್ಪತ್ತೈದು ವರ್ಷ ದಾಟಿದ ಹಸ್ತಪ್ರತಿಗಳನ್ನು ಪುರಾವಸ್ತು ಎನ್ನುತ್ತದೆ. ಎಂಬತ್ತು ವರ್ಷದ ಕೂರಿಗೆಗೆ, ತೊಗಲು ಗೊಂಬೆಗೆ ಯಾವ ಕಾನೂನೂ ಇಲ್ಲ. ಮೈಸೂರು ವಿಶ್ವವಿದ್ಯಾಲಯ 1968ರಲ್ಲಿ ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸ ಅರಮನೆಯಲ್ಲಿ ಜಾನಪದ ವಸ್ತುಸಂಗ್ರಹಾಲಯ ಆರಂಭಿಸಿದ್ದು ಇದಕ್ಕಾಗಿಯೇ ದೊಡ್ಡ ಕೆಲಸ. ಜೀ. ಶಂ. ಪರಮಶಿವಯ್ಯನವರು, ಕಲಾವಿದ ಪಿ. ಆರ್. ತಿಪ್ಪೇಸ್ವಾಮಿಯವರು ಹಳ್ಳಿಗಳ ಗೊಂಬೆ, ಮುಖವಾಡ, ಕೃಷಿ ಸಲಕರಣೆಗಳನ್ನು ಅರಮನೆಯೊಳಗೆ ತಂದು ಕೂರಿಸಿದರು.

ನಾನು ಇರುವುದು ಪಶ್ಚಿಮ ಬೆಂಗಳೂರಿನ ಮೂಡಲಪಾಳ್ಯದಲ್ಲಿ. ಊರು ನಗರದೊಳಗೆ ಸೇರಿಹೋಗಿ ಬಹಳ ಕಾಲವಾಯಿತು. ಹಳೆಯ ಮನೆ ಕೆಡವಿ ಬಾಡಿಗೆ ಮಹಡಿ ಎಬ್ಬಿಸುವಾಗ ಒರಳು, ಬೀಸುಕಲ್ಲು, ರಾಗಿ ಅಳೆಯುವ ಸೇರು, ಪಾವು ಹೊರಗೆ ಬರುತ್ತವೆ. ಹಿತ್ತಾಳೆಯದು ಗುಜರಿಗೆ, ಮರದ್ದು ಸೌದೆಗೆ, ಕಲ್ಲಿನದು ಪಾಯಕ್ಕೆ. ಮನೆಯವರನ್ನು ದೂರುವಂತಿಲ್ಲ. ಕೊಡೋಣ ಎಂದರೆ ಯಾರಿಗೆ ಕೊಡುವುದು? 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯ 1973ರಿಂದ ಇಲ್ಲೇ ಪಕ್ಕದ ಜ್ಞಾನಭಾರತಿಯಲ್ಲಿದೆ. ಸಾವಿರ ಎಕರೆ ಮೀರಿದ ಜಾಗ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಭೂವಿಜ್ಞಾನ, ಇತಿಹಾಸ, ಕನ್ನಡ ಎಲ್ಲ ವಿಭಾಗಗಳೂ ಉಂಟು. ಪಶ್ಚಿಮ ಬೆಂಗಳೂರಿನ ಕಲ್ಲು, ಗಿಡ, ಹುಳು, ಮನೆಬಳಕೆಯ ವಸ್ತುಗಳಿಗೆ ಇದನ್ನು ರಾಜ್ಯ ಸರ್ಕಾರ ಅಧಿಕೃತ ಭಂಡಾರವೆಂದು ಘೋಷಿಸಬಹುದು.

ಘೋಷಣೆಯ ಕಾಗದ ಒಂದರಿಂದಲೇ ಕೆಲಸ ಆಗುವುದಿಲ್ಲ. ಕಾಯಂ ಹುದ್ದೆಯ ಕ್ಯೂರೇಟರ್ ಬೇಕು, ನಿವೃತ್ತರಾದ ಕೂಡಲೇ ಆ ಹುದ್ದೆ ತುಂಬಬೇಕು. ಬಂದದ್ದನ್ನೆಲ್ಲ ದಾಖಲಿಸುವ ಒಂದೇ ಸ್ವೀಕೃತಿ ಪುಸ್ತಕ ಬೇಕು, ಕೊಟ್ಟವರ ಹೆಸರು, ಊರು, ಬಳಸುತ್ತಿದ್ದ ಬಗೆ ಎಲ್ಲ ಅದರಲ್ಲಿರಬೇಕು. ಗೆದ್ದಲು, ತೇವಗಳಿಂದ ಕಾಯಲು ಪ್ರತಿ ವರ್ಷದ ಬಜೆಟ್ಟಿನಲ್ಲಿ ಹಣ ತೆಗೆದಿಡಬೇಕು. ವಾರದಲ್ಲಿ ಒಂದು ದಿನವಾದರೂ ಅಕ್ಕಪಕ್ಕದ ಬಡಾವಣೆಯವರು ವಸ್ತು ತಂದು ಕೊಡಲು, ನೋಡಲು ಬಾಗಿಲು ತೆರೆದಿರಬೇಕು. ಇಷ್ಟನ್ನು ಬರೆದು ಕೇಳುವ ಹಕ್ಕು ವಿಶ್ವವಿದ್ಯಾಲಯಕ್ಕೂ ಇದೆ, ಅದರ ಸುತ್ತ ಬದುಕುವ ನಮಗೂ ಇದೆ.