ತುಂಟ ಮಕ್ಕಳೂ ತಾಯಿತಂದೆಗಳೂ: ದೂರದರ್ಶನ ಕಲಿಸಿದ ಪಾಠ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಜರುಗಿದ ಪಾಲಕರ ಸಮಾವೇಶದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಗದಗ-ಬೆಟಗೇರಿಯಿಂದಷ್ಟೇ ಅಲ್ಲದೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಂದಲೂ ತಾವು ಇಲ್ಲಿ ನೆರೆದಿರುವುದನ್ನು ಕಂಡು ನಮ್ಮ ಮನಸ್ಸು ತುಂಬಿ ಬಂದಿದೆ. ನೂರು ವರ್ಷಗಳ ಇತಿಹಾಸವನ್ನೂ, ಇಲ್ಲಿ ಸೇವೆಗೈದ ಗುರುವರ್ಯರ ಶ್ರಮವನ್ನೂ ಇತರ ಭಾಷಣಕಾರರು ಸ್ಮರಿಸಲಿದ್ದಾರೆ. ನಮ್ಮ ಪಾಲಿಗೆ ಬಂದಿರುವ ವಿಷಯ ಮಕ್ಕಳ ಪಾಲನೆ. ಪಾಲಕರು ನಮ್ಮಲ್ಲಿಗೆ ಬಂದು ಹೆಚ್ಚಾಗಿ ಹೇಳಿಕೊಳ್ಳುವ ದೂರು ಒಂದೇ: "ಫಾದರ್, ಹುಡುಗ ಒಟ್ಟ ಮಾತ ಕೇಳಂಗಿಲ್ಲ, ನೀವರೆ ಒಂದೀಟು ಹೇಳ್ರಿ." ಈ ದೂರಿಗೆ ಉತ್ತರವನ್ನು ನಾವಿಂದು ದೂರದರ್ಶನದ ಒಂದು ನಗೆಯ ಕಥೆಯ ಮೂಲಕ ಹೇಳಬಯಸುತ್ತೇವೆ. ಗುರುಗಳು ಧಾರಾವಾಹಿಯ ಮಾತನ್ನು ಎತ್ತುವುದೇ ಎಂದು ಯಾರೂ ಹುಬ್ಬೇರಿಸಬಾರದು. ಮನೆಮನೆಯ ನಡುಮನೆಯಲ್ಲಿ ಕುಳಿತಿರುವ ವಸ್ತುವಿನ ಬಗ್ಗೆ ಗುರುಗಳೂ ಯೋಚಿಸಲೇಬೇಕಾಗುತ್ತದೆ.

ದೂರದರ್ಶನವು ನಮ್ಮ ನಾಡಿನ ಹಳ್ಳಿಗಳಿಗೆ ಮೊದಲು ಬಂದದ್ದು ಉಪದೇಶಕನಾಗಿ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ಉಪಗ್ರಹ ಪ್ರಯೋಗದಲ್ಲಿ ವಿಜಾಪುರ, ರಾಯಚೂರು, ಗುಲ್ಬರ್ಗಾ ಜಿಲ್ಲೆಗಳ ಹಳ್ಳಿಗರು ಒಂದೆಡೆ ಕೂಡಿ ಕೃಷಿ, ಆರೋಗ್ಯ, ಶಿಕ್ಷಣದ ಕಾರ್ಯಕ್ರಮಗಳನ್ನು ನೋಡಿದರು. ಅಂದು ಧಾರವಾಡ ಜಿಲ್ಲೆಯಲ್ಲಿದ್ದ ನಮ್ಮ ಗದಗ ಸೀಮೆ ಆ ಪ್ರಯೋಗದೊಳಗೆ ಸೇರಿರಲಿಲ್ಲ. 1981ರ ನವೆಂಬರ್ 1ರಂದು ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾಯಿತು. ಆ ದಶಕದಲ್ಲಿಯೇ ಧಾರಾವಾಹಿಗಳೂ ಬಂದವು. ಉಪದೇಶ ಮಾಡುತ್ತಿದ್ದ ಪೆಟ್ಟಿಗೆ ಕುಟುಂಬದ ಕಥೆ ಹೇಳಿ ನಗಿಸತೊಡಗಿತು. ಒಂದು ಓಣಿಯಲ್ಲಿ ಒಂದು ಮನೆಗೆ ಟಿ.ವಿ. ಬಂದರೆ ಇಡೀ ಓಣಿಯ ಮಕ್ಕಳು ಆ ಮನೆಯ ಬಾಗಿಲಲ್ಲಿ ಸೇರುತ್ತಿದ್ದ ಕಾಲವನ್ನು ಇಲ್ಲಿರುವ ಹಿರಿಯರು ಮರೆತಿರಲಾರರು.

ಆ ಕಾಲದಲ್ಲಿ, 1986ರಲ್ಲಿ, ರಾಷ್ಟ್ರೀಯ ಪ್ರಸಾರದಲ್ಲಿ ಬಂದದ್ದು 'ಮಾಲ್ಗುಡಿ ಡೇಸ್'. ಮೈಸೂರಿನಲ್ಲಿ ನೆಲೆಸಿದ್ದ ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ನಮ್ಮ ಶಂಕರ್ ನಾಗ್ ಅವರು ಆಗುಂಬೆಯಲ್ಲಿ ಚಿತ್ರೀಕರಿಸಿದರು. ಮಾತು ಹಿಂದಿಯಾಗಿದ್ದರೂ ಮುಖಗಳು ನಮ್ಮವೇ. ತುಂಟ ಬಾಲಕ ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ತಂದೆಯಾಗಿ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ್ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಹಿಂದಿ ಸರಿಯಾಗಿ ತಿಳಿಯದ ಅಜ್ಜಿಯಂದಿರೂ ಆ ಹುಡುಗನನ್ನು ನೋಡಿ ನಕ್ಕರು. ಅಂಥ ಒಬ್ಬ ಹುಡುಗ ಪ್ರತಿ ಮನೆಯಲ್ಲಿಯೂ ಇದ್ದನಲ್ಲವೇ?

ಈ ಸ್ವಾಮಿಯ ಕಥೆ 1935ರಲ್ಲಿ ಪುಸ್ತಕವಾಗಿ ಬಂದದ್ದು. ಅದರಲ್ಲಿ ಒಂದು ಪ್ರಸಂಗವಿದೆ. ರಜೆಯ ದಿನ ತಂದೆ ಮಗನನ್ನು ಕೂರಿಸಿಕೊಂಡು ಮಾವಿನಹಣ್ಣಿನ ಲೆಕ್ಕ ಕೊಡುತ್ತಾರೆ. ಹತ್ತು ಹಣ್ಣಿಗೆ ಹದಿನೈದಾಣೆಯಾದರೆ ನಾಲ್ಕು ಹಣ್ಣಿಗೆ ಎಷ್ಟು? ಮಗನಿಗೆ ಮೊದಲು ಬರುವ ಚಿಂತೆ ಆ ಹಣ್ಣುಗಳು ಮಾಗಿದ್ದವೋ ಇಲ್ಲವೋ ಎಂಬುದು. ತಂದೆಗೆ ಸಿಟ್ಟು ನೆತ್ತಿಗೇರುತ್ತದೆ. ಅರ್ಧ ಗಂಟೆಯ ಸಂಕಟದ ನಂತರ ಮಗ ಆರಾಣೆ ಎಂಬ ಉತ್ತರ ಹೇಳಿ ಬಿಕ್ಕಿ ಬಿಕ್ಕಿ ಅಳುತ್ತಾನೆ. ಇಷ್ಟು ನೋಡಿ ನಾವೆಲ್ಲ ನಗುತ್ತೇವೆ. ಆದರೆ ಮುಂದಿನದನ್ನು ಗಮನಿಸಬೇಕು. ಸಂಜೆ ಕ್ಲಬ್ಬಿಗೆ ಹೊರಟ ತಂದೆಗೆ, ಮಗುವನ್ನು ಮಧ್ಯಾಹ್ನವೆಲ್ಲ ಪೀಡಿಸಿದೆನಲ್ಲ ಎಂದು ಮರುಕ ಹುಟ್ಟುತ್ತದೆ. ಮಗನನ್ನೂ ಜೊತೆಗೆ ಕರೆದೊಯ್ಯುತ್ತಾರೆ. ಕ್ಷಮೆ ಕೇಳುವುದಿಲ್ಲ, ಭಾಷಣ ಮಾಡುವುದಿಲ್ಲ. ಜೊತೆಗೆ ಕರೆದೊಯ್ಯುತ್ತಾರೆ, ಅಷ್ಟೇ. ಗದರಿದ ಹೊತ್ತು ಮುಳುಗುವುದರೊಳಗೆ ಮಗುವಿಗೆ ಮತ್ತೆ ತನ್ನ ಸ್ಥಾನ ಸಿಕ್ಕಿತು.

ಅದೇ ಕಥೆಯ ಇನ್ನೊಂದು ಪ್ರಸಂಗವನ್ನು ನಮ್ಮಂಥವರು ಮರೆಮಾಚಬಾರದು. ಸ್ವಾಮಿ ಓದುವುದು ಮಿಷನ್ ಶಾಲೆಯಲ್ಲಿ. ಅಲ್ಲಿಯ ಧರ್ಮಪಾಠದ ಉಪಾಧ್ಯಾಯರು ಹಿಂದೂ ದೇವತೆಗಳನ್ನು ಹಳಿಯುತ್ತಾರೆ. ಎದುರು ಪ್ರಶ್ನೆ ಕೇಳಿದ ಬಾಲಕನ ಕಿವಿಯನ್ನು ಹಿಂಡುತ್ತಾರೆ. ತಂದೆ ಮಗನಿಗೆ "ದೊಡ್ಡವರಿಗೆ ಎದುರಾಡಬೇಡ" ಎಂದು ಬಾಯಿ ಮುಚ್ಚಿಸುವುದಿಲ್ಲ. ಮುಖ್ಯೋಪಾಧ್ಯಾಯರಿಗೆ ಒಂದು ಪತ್ರ ಬರೆದು ಮಗನ ಕೈಯಲ್ಲೇ ಕಳುಹಿಸುತ್ತಾರೆ. ಮನೆಯಲ್ಲಿ ಲೆಕ್ಕ ತಪ್ಪಿದ್ದಕ್ಕೆ ಸಿಡಿಮಿಡಿಗೊಳ್ಳುವ ಅದೇ ತಂದೆ ಮಗನಿಗೆ ಅನ್ಯಾಯವಾದಾಗ ಅವನ ಪಕ್ಷದಲ್ಲಿ ನಿಲ್ಲುತ್ತಾರೆ. ಕ್ರೈಸ್ತ ಶಾಲೆಗಳನ್ನು ನಡೆಸುವ ನಮಗೂ, ಆ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುವ ತಮಗೂ ಈ ಪ್ರಸಂಗದಲ್ಲಿ ಪಾಠವಿದೆ.

ಕಥೆಯ ಕೊನೆಯಲ್ಲಿ ನಗೆ ನಿಂತುಹೋಗುತ್ತದೆ. ಕವಾಯತು ತಪ್ಪಿಸಿದ್ದಕ್ಕೆ ಹೊಡೆಯಬಂದ ಇನ್ನೊಂದು ಶಾಲೆಯ ಮುಖ್ಯೋಪಾಧ್ಯಾಯರ ಕೈಯಿಂದ ಬೆತ್ತ ಕಿತ್ತೆಸೆದು ಸ್ವಾಮಿ ಓಡಿಹೋಗುತ್ತಾನೆ. ಮನೆಗೆ ಮರಳುವ ಧೈರ್ಯವಿಲ್ಲ. ಕಾಡಿನಲ್ಲಿ ದಾರಿ ತಪ್ಪುತ್ತಾನೆ. ಇತ್ತ ಆ ಶಿಸ್ತಿನ ತಂದೆ ರಾತ್ರಿ ಊರ ಬೀದಿಗಳನ್ನೆಲ್ಲ ಸುತ್ತಿ, ಹೇಳಿಕೊಳ್ಳಲಾಗದ ಭಯದಿಂದ ನದಿಯ ದಂಡೆಯವರೆಗೂ ಹೋಗಿ ನೋಡುತ್ತಾರೆ. ಹುಡುಗ ಕೊನೆಗೆ ಸಿಕ್ಕಿದ, ಕಥೆ ಸುಖವಾಗಿ ಮುಗಿಯಿತು. ಆದರೆ ನದಿಯ ದಂಡೆಯಲ್ಲಿ ನಿಂತ ತಂದೆಯನ್ನು ನೆನೆದರೆ, ಮಾವಿನಹಣ್ಣಿನ ಲೆಕ್ಕ ಎಷ್ಟು ಸಣ್ಣದಾಗಿ ತೋರುತ್ತದೆ!

ಇದು ಬರೀ ಕಥೆ ಎನ್ನುವವರಿಗೆ ನಮ್ಮ ಊರಿನದೇ ಒಂದು ಸತ್ಯ ಸಂಗತಿಯನ್ನು ನೆನಪಿಸುತ್ತೇವೆ. ಆ ಪುಸ್ತಕ ಅಚ್ಚಾಗುವುದಕ್ಕೆ ಎರಡು ವರ್ಷ ಮೊದಲು, 1933ರಲ್ಲಿ, ಗದಗಿನ ಶಾಲಾ ಮಾಸ್ತರರಾದ ಗುರುರಾಜ ಜೋಶಿಯವರ ಹಿರಿಯ ಮಗ ಹನ್ನೊಂದನೆಯ ವಯಸ್ಸಿನಲ್ಲಿ ಮನೆ ಬಿಟ್ಟು ರೈಲು ಹತ್ತಿದ. ಆ ಬಾಲಕನೇ ಮುಂದೆ ಪಂಡಿತ ಭೀಮಸೇನ ಜೋಶಿ. ಚಿಕ್ಕಂದಿನಿಂದಲೂ ಆತ ಒಂದು ಕಡೆ ನಿಲ್ಲುವ ಮಗುವಾಗಿರಲಿಲ್ಲ. ಭಜನೆಯ ದಿಂಡಿ, ಬಾಜಾಬಜಂತ್ರಿಯ ಮೆರವಣಿಗೆ ಹೊರಟರೆ ಅದರ ಹಿಂದೆಯೇ ಹೋಗಿ, ದಣಿದಲ್ಲಿ ಮಲಗಿಬಿಡುತ್ತಿದ್ದ. ಹುಡುಕಿ ಹುಡುಕಿ ಬೇಸತ್ತ ತಂದೆ ಮಗನ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಎಂದು ಬರೆಸಿದರೆಂಬ ಪ್ರಸಂಗ ಪ್ರಸಿದ್ಧವಾಗಿದೆ. ಕಂಡವರು ಮನೆಗೆ ತಂದು ಮುಟ್ಟಿಸಲಿ ಎಂಬ ಉಪಾಯವದು.

ಪ್ರಿಯ ಪಾಲಕರೇ, ಆ ಬರಹವನ್ನು ಸ್ವಲ್ಪ ಚಿಂತಿಸಿ ನೋಡಿ. ಮಗನ ಕಾಲಿಗೆ ಹಗ್ಗ ಕಟ್ಟಬಹುದಾಗಿತ್ತು, ಕಟ್ಟಲಿಲ್ಲ. ಇವನು ನನ್ನವನು, ಎಲ್ಲಿ ಸಿಕ್ಕರೂ ನನಗೆ ತಲುಪಿಸಿರಿ ಎಂದು ಇಡೀ ಊರನ್ನೇ ಆ ತಂದೆ ಕೇಳಿಕೊಂಡರು. ಹುಡುಗನ ಒಲವು ಸಂಗೀತದತ್ತ ಎಂಬುದು ಮನೆಯವರಿಗೆ ತಿಳಿದಿತ್ತು. ಕುರ್ತಕೋಟಿಯ ಚನ್ನಪ್ಪನವರಲ್ಲಿ ಪಾಠವೂ ಆಗಿತ್ತು. ಆದರೂ ದೊಡ್ಡ ಗುರುವನ್ನರಸುತ್ತ ಮಗ ಗ್ವಾಲಿಯರ್ ಮೊದಲಾದ ಊರುಗಳನ್ನು ಸುತ್ತಿದ. ಕೊನೆಗೆ ತಂದೆ ದೂರದ ಪಂಜಾಬಿನ ಜಲಂಧರದಲ್ಲಿ ಅವನನ್ನು ಪತ್ತೆ ಹಚ್ಚಿ ಮನೆಗೆ ಕರೆತಂದರು. ಅಂದಿನ ಕಾಲದಲ್ಲಿ, ಶಾಲಾ ಮಾಸ್ತರರ ಸಂಬಳದಲ್ಲಿ, ಗದಗಿನಿಂದ ಜಲಂಧರವೆಂದರೆ ಎಷ್ಟು ದೂರ ಎಂಬುದನ್ನು ತಾವೇ ಲೆಕ್ಕ ಹಾಕಿರಿ. ಮನೆಗೆ ತಂದ ಮೇಲೆ ಮಗನ ಹಾಡನ್ನು ನಿಲ್ಲಿಸಲಿಲ್ಲ. 1936ರಲ್ಲಿ ಹುಡುಗ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯನಾದ. ಎಲ್ಲೆಲ್ಲಿಯೋ ಅರಸಿದ ಗುರು ಸಿಕ್ಕಿದ್ದು ನಮ್ಮ ಪಕ್ಕದಲ್ಲಿಯೇ. 2008ರಲ್ಲಿ ಅವರಿಗೆ ಭಾರತ ರತ್ನ ಘೋಷಣೆಯಾಯಿತು. 2011ರ ಜನವರಿ 24ರಂದು ಅವರು ತೀರಿಕೊಂಡರು. ಕಳೆದುಹೋಗಿ ಸಿಕ್ಕ ಮಗನ ಸಾಮತಿಯನ್ನು ತಾವು ದೇವಾಲಯದಲ್ಲಿ ಎಷ್ಟೋ ಸಲ ಕೇಳಿದ್ದೀರಿ. ಅದನ್ನಿಲ್ಲಿ ಮತ್ತೆ ಹೇಳುವುದಿಲ್ಲ. ಗದಗಿನ ಮಾಸ್ತರರೊಬ್ಬರು ಅದನ್ನು ತಮ್ಮ ರೀತಿಯಲ್ಲಿ ನಡೆದು ತೋರಿಸಿದರು ಎಂದಷ್ಟೇ ಹೇಳುತ್ತೇವೆ.

ಓಡಿಹೋದ ಮಕ್ಕಳೆಲ್ಲ ಭೀಮಸೇನರಾಗುತ್ತಾರೆಂದು ಯಾರೂ ಭ್ರಮಿಸಬಾರದು. ನಮ್ಮ ಗದಗ ಜಂಕ್ಷನ್ನಿನಿಂದ ಹುಬ್ಬಳ್ಳಿಗೂ, ಗುಂತಕಲ್ಲಿಗೂ, ಸೊಲ್ಲಾಪುರಕ್ಕೂ ಗಾಡಿಗಳು ಹೋಗುತ್ತವೆ. ಸಿಟ್ಟಿನಲ್ಲಿ ಗಾಡಿ ಹತ್ತಿದ ಹುಡುಗ ಯಾವುದೋ ಊರಿನ ಹೋಟೆಲಿನಲ್ಲಿ ಲೋಟ ತೊಳೆಯುವವನಾಗಬಹುದು, ಇಲ್ಲವೇ ದುಷ್ಟರ ಕೈಗೆ ಸಿಗಬಹುದು. ಪರೀಕ್ಷೆಯ ಫಲಿತಾಂಶದ ದಿನ ಮನೆಗೆ ಬರಲಂಜಿ ಪ್ರಾಣವನ್ನೇ ಕಳೆದುಕೊಂಡ ಮಕ್ಕಳ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿ ನಾವೆಲ್ಲರೂ ನೊಂದಿದ್ದೇವೆ. ಆ ಮಕ್ಕಳು ಅಂಜಿದ್ದು ಅಂಕಗಳಿಗಲ್ಲ, ಮನೆಯ ಬಾಗಿಲಿಗೆ. ಆದ್ದರಿಂದ ಮಗು ನಿಮ್ಮ ಮಾತು ಕೇಳುತ್ತದೆಯೋ ಇಲ್ಲವೋ ಎಂಬುದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ದೊಡ್ಡ ತಪ್ಪು ಮಾಡಿದ ದಿನವೂ ನಿಮ್ಮ ಮಗು ನಿರ್ಭಯದಿಂದ ಮನೆಗೆ ಬಂದೀತೇ?

ಪರದೆಯ ಮೇಲೆ ಮಕ್ಕಳ ತುಂಟತನವನ್ನು ನೋಡಿ ನಕ್ಕ ಮಾತ್ರಕ್ಕೆ ಈ ಗುಣ ಬರುವುದಿಲ್ಲ. ಅಮೇರಿಕೆಯ ವ್ಯಂಗ್ಯಚಿತ್ರಕಾರ ಹ್ಯಾಂಕ್ ಕೆಚಮ್ ಅವರು ತಮ್ಮ ನಾಲ್ಕು ವರ್ಷದ ಮಗ ಡೆನ್ನಿಸನ ಹಾವಳಿಯನ್ನು ನೋಡಿ, ಅವನದೇ ಹೆಸರಿನಲ್ಲಿ 1951ರಲ್ಲಿ 'ಡೆನ್ನಿಸ್ ದಿ ಮೆನೇಸ್' ಎಂಬ ಚಿತ್ರಮಾಲೆ ಆರಂಭಿಸಿದರು. 1959ರಿಂದ 1963ರವರೆಗೆ ಅದು ದೂರದರ್ಶನದ ಹಾಸ್ಯ ಧಾರಾವಾಹಿಯೂ ಆಯಿತು. ಚಿತ್ರದ ತಾಯಿ ಆಲಿಸ್. ನಿಜವಾದ ತಾಯಿಯ ಹೆಸರೂ ಅದೇ. ಲಕ್ಷಾಂತರ ಮನೆಗಳು ಆ ತುಂಟನನ್ನು ನೋಡಿ ನಕ್ಕವು. ಆದರೆ 1959ರಲ್ಲಿ ನಿಜವಾದ ತಾಯಿ ತೀರಿಕೊಂಡರು. ಮಗ ವಸತಿಶಾಲೆ ಸೇರಿದ. ಬೆಳೆದಂತೆ ತಂದೆಮಕ್ಕಳು ಒಬ್ಬರಿಗೊಬ್ಬರು ದೂರವಾದರು. ಕಾಗದದ ಮೇಲಿನ ಡೆನ್ನಿಸ್ ಎಂದೂ ಬೆಳೆಯದೆ ತಂದೆಯ ಬಳಿಯೇ ಉಳಿದ. ಆ ಕುಟುಂಬವನ್ನು ತೂಗಿ ನೋಡಲು ನಾವು ಯಾರು? ಆದರೂ ಪರದೆಯ ಮಗುವಿಗೆ ಸಿಗುವ ನಗೆ ಮನೆಯ ಮಗುವಿಗೂ ಸಿಗುತ್ತಿದೆಯೇ ಎಂದು ಪ್ರತಿಯೊಬ್ಬ ಪಾಲಕನೂ ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ನಮ್ಮ ಸೀಮೆಯ ಕಷ್ಟ ನಮಗೆ ತಿಳಿಯದ್ದೇನಲ್ಲ. ಬೆಟಗೇರಿಯ ನೇಕಾರ ಓಣಿಗಳಲ್ಲಿ ಮಗ್ಗದ ಮುಂದೆ ಕುಳಿತ ತಂದೆಗೆ ತಲೆಯೆತ್ತಲು ಬಿಡುವಿಲ್ಲ. ಶಿರಹಟ್ಟಿ, ಮುಂಡರಗಿಯ ಕಡೆಯಿಂದ ಮಳೆ ಕೈಕೊಟ್ಟ ವರ್ಷ ಗೋವೆಗೋ ಮಂಗಳೂರಿಗೋ ಗುಳೆ ಹೋಗುವವರು ಮಕ್ಕಳನ್ನು ಅಜ್ಜ ಅಜ್ಜಿಯರ ಬಳಿ ಬಿಟ್ಟು ಹೋಗುತ್ತಾರೆ. ಸ್ವಾಮಿಯ ಮನೆಯಲ್ಲೂ ಕಥೆ ಹೇಳುವ ಅಜ್ಜಿಯೊಬ್ಬಳಿದ್ದಳು. ಆದರೆ ಅಲ್ಲಿ ಸಂಜೆಗೆ ಮನೆಗೆ ಬರುವ ತಂದೆಯೂ ಇದ್ದರು. ಗುಳೆ ಹೋದವರ ಮಗ ತುಂಟನಾದರೆ ಆ ಮುದಿಜೀವಗಳು ಏನು ಮಾಡಿಯಾವು? ಮೊಬೈಲ್ ಫೋನನ್ನು ಅವನ ಕೈಗೆ ಕೊಟ್ಟು ಸುಮ್ಮನಿರಿಸುತ್ತವೆ. ಹಿಂದೆ ಓಣಿಯೆಲ್ಲ ಒಂದು ಟಿ.ವಿ.ಯ ಮುಂದೆ ಕೂಡಿ ನಗುತ್ತಿತ್ತು. ಇಂದು ಮಗು ಒಂದು ಮೂಲೆಯಲ್ಲಿ ಒಂಟಿಯಾಗಿ ನಗುತ್ತದೆ. ಏಕೆ ನಕ್ಕಿತೆಂದು ಕೇಳುವವರಿಲ್ಲ.

ಆದ್ದರಿಂದ ಮೂರು ಮಾತುಗಳನ್ನು ತಮ್ಮ ಮುಂದಿಡುತ್ತೇವೆ. ಮೊದಲನೆಯದು, ಬಡಿಗೆಯನ್ನು ಕೆಳಗಿಡಿರಿ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮಾಸ್ತರರು ಬಿಟ್ಟ ಬೆತ್ತವನ್ನು ಮನೆಯವರು ಎತ್ತಿಕೊಳ್ಳಬಾರದು. ಶಿಸ್ತು ಬೇಡವೆಂದು ನಾವು ಹೇಳುತ್ತಿಲ್ಲ. ಲೆಕ್ಕ ಮಾಡಿಸಿರಿ, ಗದರಿಸಿರಿ. ಆದರೆ ಸಂಜೆಯೊಳಗೆ ಮಗುವನ್ನು ಜೊತೆಗೆ ಕರೆದುಕೊಳ್ಳಿರಿ. ಎರಡನೆಯದು, ದಿನಕ್ಕೆ ಅರ್ಧ ಗಂಟೆಯಾದರೂ ಮಕ್ಕಳು ನೋಡುವುದನ್ನು ಅವರ ಜೊತೆಗೇ ಕುಳಿತು ನೋಡಿರಿ. ಒಂದೇ ಮಾತಿಗೆ ತಂದೆಯೂ ಮಗನೂ ಕೂಡಿ ನಕ್ಕರೆ, ನಾಳೆ ಹೇಳಬೇಕಾದ ಕಠಿಣ ಮಾತಿಗೆ ಇಂದೇ ದಾರಿ ತೆರೆದಂತೆ.

ಮೂರನೆಯದು ಈ ಸಮಾಜಕ್ಕೆ ಹೇಳುವ ಮಾತು. ಜೋಶಿ ಮಾಸ್ತರರು ಅಂಗಿಯ ಮೇಲೆ ಬರೆಸಿದ್ದನ್ನು ಓದಿ ಹುಡುಗನನ್ನು ಮನೆಗೆ ಮುಟ್ಟಿಸುವ ಜನ ಅಂದು ಊರಿನಲ್ಲಿದ್ದರು. ಅಂಥ ಬರಹ ಇಂದಿನ ಮಕ್ಕಳ ಅಂಗಿಯ ಮೇಲಿಲ್ಲ. ಆದರೂ ನಿಲ್ದಾಣದ ಕಟ್ಟೆಯ ಮೇಲೆ ಒಂಟಿಯಾಗಿ ಕುಳಿತ ಹುಡುಗನನ್ನು ಕಂಡರೆ ಇವನು ಯಾರದೋ ಮಗ ಎಂದು ದಾಟಿ ಹೋಗಬೇಡಿರಿ. "ಯಾರ ಮಗ ಅದೀಯಪಾ, ಊಟಾತೇನು?" ಎಂದು ಕೇಳಿರಿ. 1098 ಸಂಖ್ಯೆಯ ಮಕ್ಕಳ ಸಹಾಯವಾಣಿಗೆ ತಿಳಿಸಿರಿ. ಗುಳೆ ಹೋದ ನೆರೆಯವರ ಮಕ್ಕಳು ಯಾವ ಜಾತಿ ಮತದವರೇ ಆಗಿರಲಿ, ವಾರಕ್ಕೊಮ್ಮೆಯಾದರೂ ಅವರನ್ನು ನಿಮ್ಮ ಪಂಕ್ತಿಯಲ್ಲಿ ಕೂರಿಸಿಕೊಳ್ಳಿರಿ.

ಈ ದೇವಾಲಯದ ಎರಡನೆಯ ಶತಮಾನಕ್ಕೆ ಕಾಲಿಡುವವರು ನಾವಲ್ಲ. ಈಗ ಹೊರಗೆ ಅಂಗಳದಲ್ಲಿ ಗದ್ದಲ ಮಾಡುತ್ತಿರುವ ಆ ಮಕ್ಕಳು. ಅವರ ಗದ್ದಲದಿಂದ ನಮ್ಮ ಭಾಷಣ ಕೆಲವರಿಗೆ ಸರಿಯಾಗಿ ಕೇಳಿಸದೆ ಹೋಗಿರಬಹುದು. ಅದಕ್ಕಾಗಿ ಮನೆಗೆ ಹೋದ ಮೇಲೆ ಅವರನ್ನು ಶಿಕ್ಷಿಸಬಾರದೆಂದು ವಿನಂತಿಸಿಕೊಳ್ಳುತ್ತೇವೆ.