ಬೋಟಿನ ಹಾಡು ಮತ್ತು ದಿಕ್ಸೂಚಿಯ ಮುಳ್ಳು

ಮಲ್ಪೆ, ಗಂಗೊಳ್ಳಿ ಕಡೆಯಿಂದ ಬಂದು ಮುಂಬಯಿಯಲ್ಲಿ ನೆಲೆಸಿದ ಮನೆಗಳಲ್ಲಿ ಸಮುದ್ರದ ನಂಟು ಇನ್ನೂ ಕಡಿದಿಲ್ಲ. ನಿಮ್ಮಲ್ಲಿ ಕೆಲವರ ಅಣ್ಣನೋ ಮಾವನೋ ಊರಲ್ಲಿ ಬೋಟಿಗೆ ಹೋಗುತ್ತಿರಬಹುದು. ಜೂನ್ 1ರಿಂದ ಜುಲೈ 31ರವರೆಗೆ, ಮೀನುಗಾರಿಕೆ ನಿಷೇಧದ 61 ದಿನ, ಬೋಟು ದಡದಲ್ಲಿರುತ್ತದೆ. ರಿಪೇರಿಯ ಕಾಲ. ಆಗ ಊರಿಂದ ಫೋನು ಬರುತ್ತದೆ: "ಈ ಸಲ ಬರುವಾಗ ಬೋಟಿಗೆ ಒಂದು ಒಳ್ಳೆ ಸ್ಟೀರಿಯೊ ಹಿಡಿದುಕೊಂಡು ಬಾ ಮಾರಾಯ." ನೀವು ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ಕಾರಿನ ಸ್ಟೀರಿಯೊ ಒಂದು, ಸ್ಪೀಕರು ನಾಲ್ಕು ಕಟ್ಟಿಸಿಕೊಂಡು ಬರುತ್ತೀರಿ. ಪೆಟ್ಟಿಗೆ ಒಯ್ಯುವವರು ನೀವೇ ಆದ್ದರಿಂದ ಇವತ್ತಿನ ಮಾತು ನಿಮ್ಮೊಂದಿಗೆ.

ಮೊದಲು ಊರಿಗೆ ಫೋನು ಮಾಡಿ ಒಂದು ಪ್ರಶ್ನೆ ಕೇಳಿ. ಬೋಟಿನ ಬ್ಯಾಟರಿ 12 ವೋಲ್ಟೋ, 24 ವೋಲ್ಟೋ? ದೊಡ್ಡ ಇಂಜಿನ್ನುಗಳಿಗೆ ಎರಡು ಬ್ಯಾಟರಿ ಸಾಲಾಗಿ ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ಕಾರಿನ ಸ್ಟೀರಿಯೊ ಅದಕ್ಕೆ ನೇರ ಕೊಟ್ಟರೆ ಸುಟ್ಟಿತು. ಹಾಗೆಂದು ಎರಡರಲ್ಲಿ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆಯುವ ಜಾಣತನವೂ ಬೇಡ. ಆ ಒಂದು ಸದಾ ಹಸಿದಿರುತ್ತದೆ, ಇನ್ನೊಂದಕ್ಕೆ ಚಾರ್ಜು ಅತಿಯಾಗುತ್ತದೆ, ಕೊನೆಗೆ ಎರಡೂ ಕೆಡುತ್ತವೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರು ಸಿಗುತ್ತದೆ, ಅದನ್ನೇ ಕೊಳ್ಳಿ.

ಕಾರಿಗೂ ಬೋಟಿಗೂ ಇರುವ ದೊಡ್ಡ ವ್ಯತ್ಯಾಸ ನೆಗೆಟಿವ್ ವೈರಿನದು. ಕಾರಿನಲ್ಲಿ ಕಬ್ಬಿಣದ ಮೈಯೇ ನೆಗೆಟಿವ್, ಎಲ್ಲಿ ಬೇಕಾದರೂ ಒಂದು ಸ್ಕ್ರೂ ಬಿಗಿದರೆ ಮುಗಿಯಿತು. ಮರದ ಬೋಟು, ಫೈಬರ್ ಬೋಟುಗಳಿಗೆ ಅಂಥ ಮೈಯಿಲ್ಲ. ಹೋದ ಕರೆಂಟು ವಾಪಸು ಬರಲು ಬ್ಯಾಟರಿಯವರೆಗೆ ಇನ್ನೊಂದು ವೈರು ಬೇಕು. ಉಕ್ಕಿನ ಬೋಟಾದರೂ ಅದರ ಮೈಯನ್ನು ಇದಕ್ಕೆ ಬಳಸಬಾರದು. ಉಪ್ಪುನೀರಿನಲ್ಲಿ ಹಾಗೆ ಕರೆಂಟು ಹರಿದರೆ ಲೋಹ ಸವೆಯುತ್ತದೆ.

ಸ್ಟೀರಿಯೊಕ್ಕೆ ಐದು ಸಾವಿರ ಕೊಡುವವರು ವೈರಿಗೆ ಐವತ್ತು ರೂಪಾಯಿ ಕೊಡಲು ಹಿಂದೆಮುಂದೆ ನೋಡುತ್ತಾರೆ, ನನಗೆ ಅದು ಅರ್ಥವಾಗದ ಲೆಕ್ಕ. ಬ್ಯಾಟರಿಯಿಂದ ಕ್ಯಾಬಿನ್ನಿಗೆ 6 ಮೀಟರ್ ಇದೆ ಎನ್ನಿ. ಹೋಗಿ ಬರಲು 12 ಮೀಟರ್. 1 ಚದರ ಮಿಲಿಮೀಟರಿನ ತೆಳು ವೈರಿನಲ್ಲಿ 8 ಆಂಪಿಯರ್ ಹರಿದರೆ ದಾರಿಯಲ್ಲೇ ಸುಮಾರು 1.7 ವೋಲ್ಟ್ ನಷ್ಟ. 4 ಚದರ ಮಿಲಿಮೀಟರಿನದಾದರೆ ನಷ್ಟ ಅರ್ಧ ವೋಲ್ಟಿನೊಳಗೆ. ಹಾಡಿನ ಜೋರು ಭಾಗ ಬಂದಾಗಲೆಲ್ಲ ಸ್ಟೀರಿಯೊ ಆರಿ ಹತ್ತುತ್ತಿದ್ದರೆ ಇದೇ ಕಾರಣ ಇರಬಹುದು. ತವರ ಲೇಪಿಸಿದ ತಾಮ್ರದ ವೈರು ಸಿಕ್ಕರೆ ಇನ್ನೂ ಒಳ್ಳೆಯದು. ಬರಿಯ ತಾಮ್ರ ಉಪ್ಪುಗಾಳಿಗೆ ಬೇಗ ಕಿಲುಬು ಹಿಡಿಯುತ್ತದೆ. ಪಾಸಿಟಿವ್ ವೈರಿಗೆ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಫ್ಯೂಸು ಇರಲಿ. ಅದನ್ನು ಸ್ಟೀರಿಯೊ ಪಕ್ಕ ಇಟ್ಟರೆ ಸ್ಟೀರಿಯೊ ಉಳಿದೀತು, ಆದರೆ ನಡುವೆ ವೈರು ಉಜ್ಜಿ ಶಾರ್ಟಾದರೆ ಬೆಂಕಿ ಹೊತ್ತುವುದು ಬೋಟಿಗೆ.

ಸ್ಟೀರಿಯೊದ ಹಿಂದೆ ಹಳದಿ ವೈರು ಸದಾ ಬ್ಯಾಟರಿಗೆ, ಕೆಂಪು ಸ್ವಿಚ್ಚಿನ ಮೂಲಕ, ಕಪ್ಪು ನೆಗೆಟಿವ್‌ಗೆ. ಪ್ರತಿ ಸಲವೂ ಸ್ಟೇಷನ್ನುಗಳು ಮರೆತುಹೋಗುತ್ತಿದ್ದರೆ ಹಳದಿ, ಕೆಂಪು ಅದಲುಬದಲಾಗಿವೆ ಎಂದು ತಿಳಿಯಿರಿ. ಸ್ಪೀಕರಿನ ನೆಗೆಟಿವ್ ವೈರುಗಳನ್ನು ಮಾತ್ರ ಒಟ್ಟಿಗೆ ಸೇರಿಸಿ ಬ್ಯಾಟರಿಯ ನೆಗೆಟಿವ್‌ಗೆ ಕಟ್ಟಬೇಡಿ. ಈಗಿನ ಸ್ಟೀರಿಯೊಗಳಲ್ಲಿ ಹಾಗೆ ಮಾಡಿದರೆ ಒಳಗಿನ ಆಂಪ್ಲಿಫಯರು ಹೋಗುತ್ತದೆ.

ಇನ್ನು ಸ್ಪೀಕರು ಎಲ್ಲಿಡಬೇಕು? ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕ್ಯಾಬಿನ್ನಿನಲ್ಲಿ ಜಾಗ ಕಡಿಮೆ. ಚುಕ್ಕಾಣಿಯ ಎದುರಿನ ಹಲಗೆಯೇ ಎಲ್ಲರ ಕಣ್ಣಿಗೆ ಬೀಳುವುದು, ದಿಕ್ಸೂಚಿ ಇರುವುದೂ ಅಲ್ಲೇ. ಪ್ರತಿ ಸ್ಪೀಕರಿನ ಬೆನ್ನಿಗೆ ಬಲವಾದ ಅಯಸ್ಕಾಂತವಿದೆ. ಸ್ಟೀರಿಯೊ ಆರಿಸಿದರೂ ಅದು ಕೆಲಸ ನಿಲ್ಲಿಸುವುದಿಲ್ಲ. ಪಕ್ಕದಲ್ಲಿಟ್ಟರೆ ದಿಕ್ಸೂಚಿಯ ಮುಳ್ಳು ಸದ್ದಿಲ್ಲದೆ ವಾಲುತ್ತದೆ. ಬರೀ 5 ಡಿಗ್ರಿ ತಪ್ಪಿದರೂ 20 ಕಿಲೋಮೀಟರ್ ಹೋಗುವಷ್ಟರಲ್ಲಿ ಬೋಟು ಒಂದೂಮುಕ್ಕಾಲು ಕಿಲೋಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಅಳಿವೆಯ ಬಾಯಿ, ಬಂಡೆಗಳ ಸಾಲು ಇರುವ ಕಡೆ ಅದು ಸಣ್ಣ ದೂರವಲ್ಲ. ಜಿ.ಪಿ.ಎಸ್. ಇದೆಯಲ್ಲ ಎನ್ನುತ್ತೀರಿ. ಜಿ.ಪಿ.ಎಸ್. ನಡೆಯುವುದೂ ಅದೇ ಬ್ಯಾಟರಿಯಿಂದ. ಅದು ಕೈಕೊಟ್ಟ ರಾತ್ರಿ ತಾಂಡೇಲ ನೋಡುವುದು ದಿಕ್ಸೂಚಿಯನ್ನೇ.

ಪರೀಕ್ಷೆ ಸುಲಭ. ಬೋಟು ಕಟ್ಟಿಹಾಕಿರುವಾಗ ಒಬ್ಬರು ದಿಕ್ಸೂಚಿ ನೋಡುತ್ತಿರಲಿ, ಇನ್ನೊಬ್ಬರು ಸ್ಪೀಕರನ್ನು ದೂರದಿಂದ ಮೆಲ್ಲನೆ ತರಲಿ. ಮುಳ್ಳು ಎಲ್ಲಿ ಅಲುಗಿತೋ ಅಲ್ಲಿಂದ ಸಾಕಷ್ಟು ಹಿಂದೆ ಸರಿದು ಬಿಗಿಯಿರಿ. ಒಂದು ಮೀಟರಿಗಿಂತ ಹತ್ತಿರ ಯೋಚಿಸಲೇಬೇಡಿ. ವೈರಿನಲ್ಲಿ ಹರಿಯುವ ಕರೆಂಟೂ ಮುಳ್ಳನ್ನು ಎಳೆಯುತ್ತದೆ. ಆದ್ದರಿಂದ ದಿಕ್ಸೂಚಿಯ ಬಳಿ ಹಾದುಹೋಗುವ ಪಾಸಿಟಿವ್, ನೆಗೆಟಿವ್ ವೈರುಗಳನ್ನು ಜಡೆಯಂತೆ ಒಂದಕ್ಕೊಂದು ಹೊಸೆಯಿರಿ. ಒಂದರ ಎಳೆತವನ್ನು ಇನ್ನೊಂದು ಅಳಿಸುತ್ತದೆ. ಕೊನೆಗೆ ಸ್ಟೀರಿಯೊ ಹಚ್ಚಿ, ಆರಿಸಿ, ಮತ್ತೊಮ್ಮೆ ಮುಳ್ಳು ನೋಡಿ.

ಏರಿಯಲ್ಲಿನ ವಿಚಾರಕ್ಕೆ ಬರೋಣ. ಕಾರಿನ ಏರಿಯಲ್ ಕಾರಿನ ಲೋಹದ ಮೈಯನ್ನು ಆಧರಿಸಿ ಕೆಲಸ ಮಾಡುವಂಥದ್ದು, ಫೈಬರ್ ಬೋಟಿನಲ್ಲಿ ಅದು ಸೊರಗುತ್ತದೆ. ಸುಮಾರು 75 ಸೆಂಟಿಮೀಟರಿನ ಎರಡು ತೋಳುಗಳ ಡೈಪೋಲನ್ನು ಎತ್ತರದಲ್ಲಿ ಕಟ್ಟಿದರೆ ಎಫ್.ಎಂ. ಚೆನ್ನಾಗಿ ಸಿಗುತ್ತದೆ. ವಿ.ಎಚ್.ಎಫ್. ಸೆಟ್ಟಿನ ಏರಿಯಲ್ಲಿಗೇ ಸ್ಟೀರಿಯೊ ಸಿಕ್ಕಿಸಬೇಡಿ. ಅತ್ತ ತಾಂಡೇಲ ಮಾತಾಡಲು ಗುಂಡಿ ಒತ್ತಿದರೆ ಇತ್ತ ಸ್ಟೀರಿಯೊದ ರೇಡಿಯೊ ಸುಟ್ಟೀತು.

ಕೆಟ್ಟಾಗ ಏನು ಮಾಡುವುದು? ಸ್ಟೀರಿಯೊ ಬಿಚ್ಚುವ ಮೊದಲು ಬ್ಯಾಟರಿಯಿಂದ ಹೊರಡಿ. ನಮ್ಮ ಸ್ಟುಡಿಯೊದಲ್ಲೂ ಧ್ವನಿ ನಿಂತರೆ ಇಂಜಿನಿಯರು ಮೊದಲು ಅಲುಗಿಸುವುದು ವೈರಿನ ತುದಿಯನ್ನೇ. ಚಾರ್ಜಾಗಿ ವಿಶ್ರಾಂತಿಯಲ್ಲಿರುವ ಬ್ಯಾಟರಿ 12.7 ವೋಲ್ಟಿನಷ್ಟು ತೋರಬೇಕು. ಅಲ್ಲಿ ಸರಿಯಿದ್ದು, ಹಾಡು ನಡೆಯುತ್ತಿರುವಾಗ ಸ್ಟೀರಿಯೊದ ಬಳಿ 11 ತೋರಿದರೆ ನಡುವಿನ ಯಾವುದೋ ಗಂಟು ಕಿಲುಬು ಹಿಡಿದಿದೆ. ಹೊಸೆದು ಟೇಪು ಸುತ್ತಿದ ಗಂಟುಗಳನ್ನೇ ಮೊದಲು ಬಿಚ್ಚಿ ನೋಡಿ.

ಇಂಜಿನ್ ವೇಗ ಹೆಚ್ಚಿದಂತೆ ಸ್ಪೀಕರಿನಲ್ಲಿ ಕುಂಯ್ ಎನ್ನುವ ಸದ್ದು ಏರುತ್ತದೆಯೇ? ಅದು ಆಲ್ಟರ್ನೇಟರಿನದು. ಏರಿಯಲ್ ಕಿತ್ತರೂ ಸದ್ದು ಉಳಿದರೆ ಪವರ್ ವೈರಿನಿಂದ ಬರುತ್ತಿದೆ. ಬ್ಯಾಟರಿಯಿಂದಲೇ ಬೇರೆ ಜೋಡಿ ವೈರು ಎಳೆಯಿರಿ. ಎಫ್.ಎಂ.ನಲ್ಲಿ ಮಾತ್ರ ಗೊರಗೊರ ಇದ್ದರೆ ಎಲ್.ಇ.ಡಿ. ದೀಪ, ಮೊಬೈಲ್ ಚಾರ್ಜರುಗಳನ್ನು ಒಂದೊಂದಾಗಿ ಆರಿಸಿ, ಕಳ್ಳ ಸಿಗುತ್ತಾನೆ.

ರೇಡಿಯೊದವನಾಗಿಯೂ ಒಂದು ಮಾತು ಹೇಳಲೇಬೇಕು. ಎಫ್.ಎಂ. ಬಹುಮಟ್ಟಿಗೆ ನೇರ ದೃಷ್ಟಿ ತಲುಪುವಷ್ಟೇ ದೂರ ಹೋಗುವಂಥದ್ದು. 2017ರಲ್ಲಿ ಓಖಿ ಚಂಡಮಾರುತ ಬಂದಾಗ ಕೇರಳ, ತಮಿಳುನಾಡಿನ ಅನೇಕ ಬೋಟುಗಳು ಆಗಲೇ ಆಳಸಮುದ್ರದಲ್ಲಿದ್ದವು, ದಡದ ಎಚ್ಚರಿಕೆ ಅವರಿಗೆ ಮುಟ್ಟಲಿಲ್ಲ. ದೂರ ಹೋಗುವವರು ಹವಾಮಾನಕ್ಕೆ ನಮ್ಮ ಸ್ಟೇಷನ್ನನ್ನೇ ನೆಚ್ಚಿಕೊಳ್ಳಬಾರದು. ವಿ.ಎಚ್.ಎಫ್. ಸೆಟ್ಟಿನ 16ನೇ ಚಾನೆಲ್, ಅಂದರೆ 156.8 ಮೆಗಾಹರ್ಟ್ಸ್, ಅಪಾಯದ ಕರೆ ಬರುವ ಜಾಗ. ಇಂಜಿನ್ನಿನ ಗದ್ದಲವನ್ನು ಗೆಲ್ಲಲು ಸ್ಟೀರಿಯೊವನ್ನು ತುದಿಗೇರಿಸಿದರೆ ಆ ಕರೆ ಮುಳುಗುತ್ತದೆ. ಬಲೆ ಎಳೆಯುವಾಗ ಹಿಂದೆ ಯಾರಾದರೂ ನೀರಿಗೆ ಬಿದ್ದು ಕೂಗಿದರೂ ಕೇಳಿಸದು. ನಾಲ್ಕು ಸ್ಪೀಕರು ಕೇಳಿದವರಿಗೆ ಎರಡು ಒಯ್ಯಿರಿ, ಉಳಿದ ದುಡ್ಡಿನಲ್ಲಿ ದಪ್ಪ ವೈರು ತೆಗೆದುಕೊಳ್ಳಿ. ವಿ.ಎಚ್.ಎಫ್. ಸೆಟ್ಟಿನ ದನಿ ತಾಂಡೇಲನ ಕಿವಿಗೆ ಸ್ಪಷ್ಟವಾಗಿ ಬೀಳುವಷ್ಟಕ್ಕೆ ಹಾಡಿನ ದನಿ ಇಳಿಸಿ, ಅಲ್ಲೇ ಗುಂಡಿಯ ಪಕ್ಕ ಪೇಂಟಿನಲ್ಲಿ ಒಂದು ಗೆರೆ ಎಳೆದು ಬನ್ನಿ.