ರೇಡಿಯಾಲಜಿ ಸೀಟು: ಬೋನಾಳದಲ್ಲಿ ಹಾಕಿದ ಒಂದು ಲೆಕ್ಕ



ಸುರಪುರ ತಾಲ್ಲೂಕಿನ ಬೋನಾಳ ಅಂದರೆ ಮೊದಲು ನೆನಪಾಗುವುದು ಕೆರೆ. ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದಿಳಿಯುವ ಕೆರೆ. ಹಕ್ಕಿ ನೋಡಲೆಂದೇ ನಾನು ಅಲ್ಲಿಗೆ ಹೋಗಿದ್ದೆ. ಆದರೆ ಏರಿಯ ಮೇಲೆ ನಿಂತು ಅರ್ಧ ತಾಸು ನೋಡಿದ್ದು ಒಬ್ಬ ಹುಡುಗನ ಮೊಬೈಲನ್ನು. ಎಂಬಿಬಿಎಸ್ ಮುಗಿಸಿ, ಇಂಟರ್ನ್‌ಶಿಪ್ಪೂ ಮುಗಿಸಿ ಊರಿಗೆ ಬಂದಿದ್ದ. ನೀಟ್ ಪಿಜಿ ಬರೆದಿದ್ದ, ಕೌನ್ಸೆಲಿಂಗ್ ನಡೆಯುತ್ತಿತ್ತು. ರ‍್ಯಾಂಕು ಹದಿನೈದು ಸಾವಿರದ ಆಸುಪಾಸು.

"ಸರ, ನಂಗ ರೇಡಿಯಾಲಜಿ ಸಿಗ್ತದೋ ಇಲ್ಲೋ? ಎಷ್ಟ್ ಪರ್ಸೆಂಟ್ ಚಾನ್ಸ್ ಅದ, ಒಂದ ಮಾತಿನಾಗ ಹೇಳಿಬಿಡ್ರಿ" ಅಂದ.

ಒಂದೇ ಮಾತಿನಲ್ಲಿ ಹೇಳಲಿಕ್ಕೆ ಬರಲಿಲ್ಲ. ಹೇಳುವವರು ಇದ್ದಾರೆ, ಅವರಲ್ಲಿ ಹೆಚ್ಚಿನವರು ಫೀಸು ತಗೊಳ್ಳುತ್ತಾರೆ.

ಚಹಾ ಕುಡಿಯಲು ಅವನ ಮನೆಗೆ ಹೋದೆವು. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಅವನ ತಾಯಿ ಮೊರ ಕೆಳಗಿಟ್ಟು ಕೇಳಿದರು: "ಅಲ್ರಿ, ಎಕ್ಸರೇ ತಗ್ಯಾಕ ಇಷ್ಟು ವರ್ಷ ಓದಬೇಕೇನ್ರಿ?"

ಇದು ಎಲ್ಲರ ಮನೆಯಲ್ಲೂ ಇರುವ ಸಂಶಯ. ಎಕ್ಸರೇ ತೆಗೆಯುವವರು ತಂತ್ರಜ್ಞರು. ತೆಗೆದದ್ದನ್ನು ಓದಿ, ಇದು ಕ್ಷಯವೋ ಗಡ್ಡೆಯೋ ಬರೀ ನೆರಳೋ ಎಂದು ಬರೆದು ಸಹಿ ಹಾಕುವವರು ರೇಡಿಯಾಲಜಿಸ್ಟ್. 1895ರ ನವೆಂಬರ್ 8ರಂದು ವಿಜ್ಞಾನಿ ರಾಂಟ್‌ಜೆನ್ ಈ ಕಿರಣಗಳನ್ನು ಕಂಡಾಗ ಕಾಣುತ್ತಿದ್ದದ್ದು ಹೆಚ್ಚಾಗಿ ಎಲುಬು ಮಾತ್ರ. ಈಗ ಅಲ್ಟ್ರಾಸೌಂಡ್, ಸಿಟಿ, ಎಂಆರ್‌ಐ ಎಲ್ಲ ಈ ಒಂದೇ ವಿಭಾಗದ ಕೈಗೆ ಬಂದಿವೆ. ಎಂಬಿಬಿಎಸ್ ಆದ ಮೇಲೆ ಮೂರು ವರ್ಷ ಎಂಡಿ ಅಥವಾ ಡಿಎನ್‌ಬಿ ಓದಬೇಕು. ಗರ್ಭಿಣಿಯರ ಸ್ಕ್ಯಾನಿಂಗಿಗೆ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾನೂನಿನ ಬಿಗಿಯೂ ಇದೆ: ಯಂತ್ರಕ್ಕೆ ನೋಂದಣಿ ಬೇಕು, ಕೈಯಾಡಿಸುವವರಿಗೆ ಅರ್ಹತೆ ಬೇಕು. ನಮ್ಮ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನನ್ನ ತಂಗಿಯ ಸರದಿಗೆಂದು ಕಾದಿದ್ದಾಗ ಸ್ಕ್ಯಾನಿಂಗ್ ಯಂತ್ರಕ್ಕೆ ಹೂವಿನ ಚಾದರ ಹೊದಿಸಿಟ್ಟಿದ್ದರು. ಯಂತ್ರ ಹೊಸದು. ಡಾಕ್ಟರು ಇರಲಿಲ್ಲ. ನೂರು ಕಿಲೋಮೀಟರ್ ಆಸುಪಾಸು ದೂರದ ಕಲಬುರಗಿಗೆ ಹೋದೆವು.

ಡಾಕ್ಟರು ಇಷ್ಟು ಕಡಿಮೆ ಇದ್ದಾರೆಂದ ಮೇಲೆ ಸೀಟು ಸುಲಭವಾಗಿ ಸಿಗಬೇಕಲ್ಲ? ಉಲ್ಟಾ. ಗಳಿಕೆ ಚೆನ್ನಾಗಿದೆ, ರಾತ್ರಿ ಎದ್ದು ಓಡುವುದು ಕಡಿಮೆ, ಮನೆಯಲ್ಲಿ ಕೂತೂ ಓದಬಹುದು. ಬೆಂಗಳೂರಿನ ಟೆಲಿರೇಡಿಯಾಲಜಿ ಸೊಲ್ಯೂಷನ್ಸ್ 2002ರಿಂದ ಅಮೆರಿಕದ ಆಸ್ಪತ್ರೆಗಳ ರಾತ್ರಿಪಾಳಿಯ ಚಿತ್ರಗಳನ್ನು ಇಲ್ಲಿನ ಹಗಲಿನಲ್ಲಿ ಓದುತ್ತಿದೆ. ಹೀಗಾಗಿ ದೇಶದ ಮೊದಲ ನೂರು ರ‍್ಯಾಂಕಿನವರೇ ಈ ವಿಭಾಗಕ್ಕೆ ಮುಗಿಬೀಳುತ್ತಾರೆ. ಕಂಪ್ಯೂಟರ್ ವಿಜ್ಞಾನಿ ಜೆಫ್ರಿ ಹಿಂಟನ್ 2016ರಲ್ಲಿ, ಇನ್ನು ರೇಡಿಯಾಲಜಿಸ್ಟರನ್ನು ತಯಾರು ಮಾಡುವುದು ನಿಲ್ಲಿಸಿ, ಯಂತ್ರಗಳೇ ಓದುತ್ತವೆ ಎಂದರು. ಸೀಟಿನ ನೂಕುನುಗ್ಗಲು ಮಾತ್ರ ಕರಗಲಿಲ್ಲ.

ಇನ್ನು ಲೆಕ್ಕ. ನೀಟ್ ಪಿಜಿ 200 ಪ್ರಶ್ನೆಗಳ ಪರೀಕ್ಷೆ. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಕಳೆತ, ಒಟ್ಟು 800. ಎರಡು ಲಕ್ಷಕ್ಕೂ ಹೆಚ್ಚು ಮಂದಿ ಬರೆಯುತ್ತಾರೆ. ಹುಡುಗ ಮೊದಲು ತೋರಿಸಿದ್ದು ಅಂಕ. ಅದನ್ನು ಬದಿಗಿಡು ಅಂದೆ. ಪ್ರಶ್ನೆಪತ್ರಿಕೆ ಒಂದು ವರ್ಷ ಸಲೀಸು, ಒಂದು ವರ್ಷ ಕಠಿಣ. 2024ರಲ್ಲಿ ಎರಡು ಪಾಳಿಯಲ್ಲಿ ನಡೆಸಿ ಅಂಕ ಹೊಂದಿಸಿದ್ದಕ್ಕೆ ಎಷ್ಟು ಗದ್ದಲವಾಯಿತೆಂದರೆ, 2025ರಲ್ಲಿ ಸುಪ್ರೀಂ ಕೋರ್ಟು ಒಂದೇ ಪಾಳಿ ಮಾಡಿಸಿತು. ಒಂದು ವರ್ಷದ ಅಂಕವನ್ನು ಇನ್ನೊಂದು ವರ್ಷದ ಅಂಕದ ಪಕ್ಕ ಇಟ್ಟು ನೋಡುವುದು ಸೇರಿನಲ್ಲಿ ಎಣ್ಣೆ ಅಳೆದು ಕೊಳಗದಲ್ಲಿ ಲೆಕ್ಕ ಬರೆದಂತೆ. ರ‍್ಯಾಂಕನ್ನು ರ‍್ಯಾಂಕಿನ ಜೊತೆಗೇ ಹೋಲಿಸಬೇಕು.

ಇನ್ನೊಂದು ಮೋಸಹೋಗುವ ಮಾತು "ಕ್ವಾಲಿಫೈ ಆಗೀನಿ" ಎಂಬುದು. 2023ರಲ್ಲಿ ಅರ್ಹತೆಯ ಗೆರೆಯನ್ನು ಸೊನ್ನೆ ಪರ್ಸೆಂಟೈಲಿಗೆ ಇಳಿಸಿದರು. ಪರೀಕ್ಷೆ ಬರೆದವರೆಲ್ಲ ಅರ್ಹರಾದರು. ಖಾಲಿ ಉಳಿದ ಸೀಟು ತುಂಬಲಿಕ್ಕೆ ಹಾಗೆ ಮಾಡುತ್ತಾರೆ. ಖಾಲಿ ಉಳಿಯುವ ಸಾಲಿನಲ್ಲಿ ರೇಡಿಯಾಲಜಿಯನ್ನು ಹುಡುಕಬೇಡಿ.

ಹಾಗಾದರೆ ಕೇಳಬೇಕಾದದ್ದೇನು? ನಾನು ಎಷ್ಟು ಸಾಲಿನಲ್ಲಿ ನಿಲ್ಲಬಹುದು, ಆ ಸಾಲುಗಳಲ್ಲಿ ಎಷ್ಟು ಸೀಟು ಇವೆ, ಹೋದ ವರ್ಷಗಳಲ್ಲಿ ಅವು ಯಾವ ರ‍್ಯಾಂಕಿಗೆ ಮುಗಿದವು. ನಾರಾಯಣಪುರ ಎಡದಂಡೆ ಕಾಲುವೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಲಾಶಯ ತುಂಬಿದ ಸುದ್ದಿ ಪೇಪರಿನಲ್ಲಿ ಬರುತ್ತದೆ, ನಮ್ಮ ತೂಬಿಗೆ ನೀರು ಯಾವಾಗ, ಎಷ್ಟು ಎಂಬುದು ಬೇರೆ ಲೆಕ್ಕ.

ಒಂದು ಸರ್ಕಾರಿ ಕಾಲೇಜಿನಲ್ಲಿ ರೇಡಿಯಾಲಜಿ ಎಂಡಿ ಸೀಟು ಆರು ಇವೆ ಅನ್ನೋಣ. ಅರ್ಧ ಅಖಿಲ ಭಾರತ ಕೋಟಾಕ್ಕೆ ಹೋದವು. ಅವನ್ನು ದೆಹಲಿಯ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ (ಎಂಸಿಸಿ) ಹಂಚುತ್ತದೆ. ಅಲ್ಲಿ ಸಾಮಾನ್ಯ ವರ್ಗದ ಸರ್ಕಾರಿ ಸೀಟುಗಳು ಮೊದಲ ಕೆಲವು ಸಾವಿರ ರ‍್ಯಾಂಕಿನೊಳಗೇ ಮುಗಿಯುತ್ತವೆ. ಉಳಿದ ಮೂರನ್ನು ಬೆಂಗಳೂರಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಹಂಚುತ್ತದೆ. ಇಲ್ಲಿ ಪರಿಶಿಷ್ಟ ಪಂಗಡಕ್ಕೆ 2022ರ ಕಾನೂನಿನಂತೆ ನೂರಕ್ಕೆ 7, ಪರಿಶಿಷ್ಟ ಜಾತಿಗೆ 17, ಹಿಂದುಳಿದ ವರ್ಗಗಳಿಗೆ ಅವರವರ ಪಾಲು, ಸರ್ಕಾರಿ ಸೇವೆಯಲ್ಲಿರುವ ವೈದ್ಯರಿಗೆ ಪ್ರತ್ಯೇಕ ಪಾಲು. ಮೂರು ಸೀಟಿನಲ್ಲಿ ನೂರಕ್ಕೆ ಏಳು ಅಂದರೆ ಎಷ್ಟು? ಮೀಸಲಾತಿಯ ರೋಸ್ಟರು ತಿರುಗಿ ಯಾವ ಕಾಲೇಜಿನ ಯಾವ ಸೀಟಿಗೆ ಬಂದು ನಿಂತಿದೆಯೋ ಅಷ್ಟು. ಒಂದು ವರ್ಷ ಒಂದು, ಮರುವರ್ಷ ಸೊನ್ನೆ. ಪರ್ಸೆಂಟಿನಲ್ಲಿ ಚಾನ್ಸ್ ಹೇಳುವವರು ಈ ಸೊನ್ನೆಯನ್ನು ಹೇಳುವುದಿಲ್ಲ.

ಬೋನಾಳದ ಹುಡುಗನಿಗೆ ಎಲ್ಲಕ್ಕಿಂತ ದೊಡ್ಡ ಆಸರೆ ಬೇರೆಯೇ ಇದೆ: ಸಂವಿಧಾನದ 371(ಜೆ). 2013ರ ಆದೇಶದ ಪ್ರಕಾರ ಕಲ್ಯಾಣ ಕರ್ನಾಟಕದ, ಅಂದರೆ ನಮ್ಮ ಭಾಗದ, ಕಾಲೇಜುಗಳ ರಾಜ್ಯದ ಪಾಲಿನಲ್ಲಿ ನೂರಕ್ಕೆ 70 ಈ ಭಾಗದವರಿಗೆ, ರಾಜ್ಯಮಟ್ಟದ ಉಳಿದ ಕಾಲೇಜುಗಳಲ್ಲಿ ನೂರಕ್ಕೆ 8. ಮೇಲೆ ಹೇಳಿದ ಕಾಲೇಜು ನಮ್ಮ ಭಾಗದ್ದಾದರೆ, ಆ ಮೂರರಲ್ಲಿ ಎರಡು ನಮ್ಮವರಿಗೇ ಬಂದಂತಾಯಿತು. ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು (ಹಿಂದಿನ ವಿಮ್ಸ್), ಕಲಬುರಗಿಯ ಮಹಾದೇವಪ್ಪ ರಾಂಪುರೆ ಕಾಲೇಜು ಇಂಥಲ್ಲಿ ಈ ಸಾಲು ನಿಜಕ್ಕೂ ಕೆಲಸ ಮಾಡುತ್ತದೆ. ಅಕ್ಕಪಕ್ಕದ ರ‍್ಯಾಂಕಿನ ಇಬ್ಬರಲ್ಲಿ ಮೈಸೂರಿನವನಿಗೆ ತಪ್ಪಿ ಸುರಪುರದವನಿಗೆ ಸಿಗುವುದು ಇಲ್ಲಿಯೇ. ಆದರೆ ಅದಕ್ಕೆ ಉಪವಿಭಾಗಾಧಿಕಾರಿ ಕಚೇರಿಯ ಅರ್ಹತಾ ಪ್ರಮಾಣಪತ್ರ ಬೇಕು. "ತಗೊಂಡೀಯೇನೋ?" ಅಂದೆ. ತಾಯಿ ಒಳಗೆ ಹೋಗಿ ಟ್ರಂಕಿನಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಕಾಗದ ತಂದರು. ಎಂಬಿಬಿಎಸ್ ಸೇರುವಾಗ ಮಾಡಿಸಿದ್ದು. ಪಡಿತರ ಚೀಟಿಯ ಜೊತೆ ಭದ್ರವಾಗಿತ್ತು.

ಆಮೇಲೆ ಅವನ ಮೊಬೈಲಿನಲ್ಲೇ ಹಳೆಯ ಪಟ್ಟಿ ತೆಗೆದೆವು. ಯಾವ ಕಾಲೇಜಿನ ಯಾವ ಸೀಟು ಯಾವ ವರ್ಗದಲ್ಲಿ ಎಷ್ಟನೇ ರ‍್ಯಾಂಕಿಗೆ ಹೋಯಿತೆಂದು ಕೆಇಎ ಪ್ರತಿ ಸುತ್ತಿನ ನಂತರ ಪ್ರಕಟಿಸುತ್ತದೆ. ಒಂದು ವರ್ಷದ್ದು ಸಾಲದು, ಮೂರು ವರ್ಷದ್ದು ಬೇಕು. ಮೊದಲ ಸುತ್ತಿನದು ನೋಡಿ ಎದೆಗುಂದಬಾರದು. ಮೇಲಿನ ರ‍್ಯಾಂಕಿನವರು ಅಖಿಲ ಭಾರತದ ಸೀಟಿಗೆ ಎದ್ದು ಹೋದಂತೆ ಕೊನೆಯ ರ‍್ಯಾಂಕು ಕೆಳಗಿಳಿಯುತ್ತದೆ. ನಿಮ್ಮ ರ‍್ಯಾಂಕು ಮೂರೂ ವರ್ಷದ ಗೆರೆಯೊಳಗಿದ್ದರೆ ನಿಶ್ಚಿಂತೆ, ಮೂರಕ್ಕೂ ಹೊರಗಿದ್ದರೆ ಬೇರೆ ವಿಭಾಗದ ಯೋಚನೆ. ಅವನದು ಒಂದು ವರ್ಷ ಒಳಗೆ, ಎರಡು ವರ್ಷ ಹೊರಗೆ. ಮ್ಯಾನೇಜ್‌ಮೆಂಟ್ ಸೀಟಿನ ಮಾತು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಅದರ ಲೆಕ್ಕ ವರ್ಷಕ್ಕೆ ಹತ್ತಾರು ಲಕ್ಷ.

ಅಮೆರಿಕದಲ್ಲಿ ನೆಲೆಸಿದ ಕನ್ನಡದ ಮಕ್ಕಳು ಇದೇ ರೇಡಿಯಾಲಜಿಗೆ ಬೇರೆ ದಾರಿಯಲ್ಲಿ ಹೋಗುತ್ತಾರೆ. ಅಲ್ಲಿ ಆಸ್ಪತ್ರೆಯವರು ಸಂದರ್ಶನ ಮಾಡುತ್ತಾರೆ, ಗುರುಗಳ ಪತ್ರ ನೋಡುತ್ತಾರೆ. ಅಭ್ಯರ್ಥಿ ಆಸ್ಪತ್ರೆಗಳ ಪಟ್ಟಿ ಕೊಡುತ್ತಾನೆ, ಆಸ್ಪತ್ರೆ ಅಭ್ಯರ್ಥಿಗಳ ಪಟ್ಟಿ ಕೊಡುತ್ತದೆ, ಕಂಪ್ಯೂಟರು ಎರಡನ್ನೂ ಹೊಂದಿಸುತ್ತದೆ. ಮ್ಯಾಚ್ ಅನ್ನುತ್ತಾರೆ, 1952ರಿಂದ ನಡೆದಿದೆ. ನಮ್ಮಲ್ಲಿ ಈ ಹುಡುಗ ಚಿತ್ರ ಓದುವುದನ್ನು ಇಷ್ಟಪಡುತ್ತಾನೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಪರೀಕ್ಷೆಯಲ್ಲಿ ರೇಡಿಯಾಲಜಿಯ ಪ್ರಶ್ನೆಗಳೂ ಕೆಲವೇ. ಇದು ಕೊರತೆಯೇ. ಆದರೂ ಬೋನಾಳದವನಿಗೆ ದೊಡ್ಡವರ ಪತ್ರ ತರುವುದಕ್ಕಿಂತ ರ‍್ಯಾಂಕು ತರುವುದು ಸುಲಭ ಎಂದು ನನ್ನ ಎಣಿಕೆ.

ಒಂದು ವಿಷಯದಲ್ಲಿ ಎರಡೂ ದೇಶದ ಪದ್ಧತಿ ಒಂದೇ. ನಿಜವಾಗಿ ಬೇಕಾದದ್ದನ್ನೇ ಮೊದಲು ಬರೆಯಬೇಕು. "ದೊಡ್ಡದು ಕೇಳಿದ್ರ ಸಣ್ಣದೂ ಕೈಬಿಡ್ತದ" ಎಂದು ಹೆದರಿ ಆಪ್ಷನ್ ಎಂಟ್ರಿಯಲ್ಲಿ ಆಸೆಯ ಸೀಟನ್ನು ಕೆಳಗಿಡುವವರಿದ್ದಾರೆ. ಕಂಪ್ಯೂಟರು ನಿಮ್ಮ ಸರದಿ ಬಂದಾಗ ಮೇಲಿನಿಂದ ನೋಡುತ್ತ ಬರುತ್ತದೆ. ಮೊದಲನೆಯದು ಮುಗಿದಿದ್ದರೆ ಎರಡನೆಯದು. ಮೇಲೆ ಬರೆದದ್ದು ಸಿಗದಿದ್ದರೆ ಕೆಳಗಿನದಕ್ಕೆ ಏಟು ಬೀಳುವುದಿಲ್ಲ. ಕೆಳಗೆ ಏನೂ ಬರೆಯದಿದ್ದರೆ ಮಾತ್ರ ಕಷ್ಟ.

ಹುಡುಗನ ಪಟ್ಟಿ ನೋಡಿದೆ. ಬಳ್ಳಾರಿಯಿಂದ ಹಿಡಿದು ಮಂಗಳೂರಿನ ತನಕ ಬರೀ ರೇಡಿಯಾಲಜಿ. ಅದರ ಕೆಳಗೆ ಖಾಲಿ.

"ಅದು ಸಿಗಲಿಲ್ಲಂದ್ರ?" ಅಂದರು ತಾಯಿ.

ಅವನು ಸ್ವಲ್ಪ ಹೊತ್ತು ಕೆರೆಯ ಕಡೆ ನೋಡಿದ. ಆಮೇಲೆ ಮೊಬೈಲು ಎತ್ತಿಕೊಂಡು ಕೊನೆಯಲ್ಲಿ ಒಂದು ಸಾಲು ಸೇರಿಸಿದ: ಜನರಲ್ ಮೆಡಿಸಿನ್, ರಾಯಚೂರು. ತಾಯಿ ಮತ್ತೆ ಮೊರ ಕೈಗೆತ್ತಿಕೊಂಡರು.